ಕುತ್ತಿಗೆಯಿಲ್ಲದ ನವಿಲು

ಮೊನ್ನೆ ಭಾನುವಾರ ಮನೆಯಲ್ಲಿ ಗೋಂದು ಮುಗಿದಿತ್ತು. ಮಗಳಿಗೆ ಶಾಲೆಯಲ್ಲಿ ದಿನನಿತ್ಯದ ಬದುಕಿನ ಬಗ್ಗೆ ಸ್ಕ್ರ್ಯಾಪ್‌ಬುಕ್ ಮಾಡಲು ಹೇಳಿದ್ದರು. ಅಂಗಡಿಗೆ ಹೋಗಲು ಸೋಮಾರಿತನವಾಗಿ ನಾನೇ ಮೈದಾ ಕಲಸಿ ಒಲೆಯ ಮೇಲಿಟ್ಟೆ. ಅಂಟು ಗಟ್ಟಿಯಾಗುತ್ತ ಆ ವಾಸನೆ ಬಂತು ನೋಡಿ... ದೊಡ್ಡಬಳ್ಳಾಪುರದ ನಮ್ಮ ಬೀದಿ, ಎದುರುಮನೆ ಅತ್ತೆ, ಅವರ ಪುಸ್ತಕ, ಎಲ್ಲ ಒಟ್ಟಿಗೆ ಅಡುಗೆಮನೆಗೆ ನುಗ್ಗಿದವು.

ಅವರು ಸಂಬಂಧದಲ್ಲಿ ಅತ್ತೆಯಲ್ಲ, ಬೀದಿಯ ಮಕ್ಕಳಿಗೆಲ್ಲ ಅತ್ತೆ. ಮನೆಯ ಮುಂಭಾಗದಲ್ಲಿ ಎರಡು ರೇಷ್ಮೆ ಮಗ್ಗ, ಹಿಂದೆ ಸಂಸಾರ. ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ, ಅವರು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತಿತ್ತು. ಗುಡಿಸಿದ ಕಸವನ್ನು ಅವರು ಸೀದಾ ಎಸೆದವರಲ್ಲ. ಮೊರ ಹಿಡಿದು ಹೊಸ್ತಿಲ ಬಳಿ ಕೂತು, ಕೆದಕಿ, ಒಂದೇ ಒಂದು ಚೂರು ಆರಿಸಿ, ಹಳೆಯ ನೋಟ್‌ಬುಕ್ಕಿಗೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಕೆಳಗೆ ಒಂದು ಸಾಲು ಬರೆಯುತ್ತಿದ್ದರು. ಶಿವಗಂಗೆಯ ಬಸ್ ಟಿಕೆಟ್ಟಿನ ಕೆಳಗೆ, "ಬೆಟ್ಟ ಹತ್ತಿದ್ದು ಅವರು, ಕಾಲು ಒತ್ತಿದ್ದು ನಾನು." ಸುಟ್ಟ ಫ್ಯೂಸ್ ತಂತಿಯ ಕೆಳಗೆ, "ಕರೆಂಟು ಹೋಗಿ ಮಗ್ಗ ನಿಂತಿತ್ತು. ಪಕ್ಕದ ಮನೆ ಜಗಳ ಪೂರ್ತಿ ಕೇಳಿಸಿತು."

ಆರನೇ ಕ್ಲಾಸಿನಲ್ಲಿ ನಮಗೂ ಇಂಥದೇ ಪುಸ್ತಕ ಮಾಡಲು ಹೇಳಿದರು. ನಾನು ಅಂಗಡಿಯಿಂದ ತಾಜ್ ಮಹಲಿನ ಚಿತ್ರ ತಂದು ತೋರಿಸಿದೆ.

"ತಾಜ್ ಮಹಲು ನಿಮ್ಮನೆ ಹಿತ್ತಲಲ್ಲೈತೇನೇ? ಮೊರ ನೋಡೇ, ಮೊರ!" ಅಂದರು ಅತ್ತೆ.

ನೋಡಿದೆ. ಅಜ್ಜಿಯ ಅಡಿಕೆ ಪೊಟ್ಟಣ, ಹಾಲಿನ ಕವರು, ಬಳೆ ಚೂರು ಸಿಕ್ಕಿದವು. ಆದರೆ ಅವನ್ನು ಹೊರಲು ದಪ್ಪ ಹಾಳೆ ಬೇಕಿತ್ತು. ಅತ್ತೆಯ ಮಗ್ಗದ ಕೋಣೆಯಲ್ಲಿ ತೂತು ಹೊಡೆದ ಉದ್ದನೆಯ ರಟ್ಟುಗಳಿದ್ದವು. ಯಾವ ಎಳೆ ಮೇಲೇಳಬೇಕೆಂದು ಮಗ್ಗಕ್ಕೆ ಹೇಳುವುದು ಆ ತೂತುಗಳೇ. ಚಿತ್ತಾರ ಹಳತಾದ ಮೇಲೆ ರಟ್ಟುಗಳನ್ನು ನಮಗೆ ಆಡಲು ಕೊಡುತ್ತಿದ್ದರು. ಮೂಲೆಯಲ್ಲಿದ್ದ ಒಂದು ಕಟ್ಟನ್ನು ಹಳತೆಂದೇ ತಿಳಿದು ಕೇಳದೆ ಎತ್ತಿಕೊಂಡು ಹೋದೆ. ಪುಸ್ತಕ ಪಡವಲಕಾಯಿಯಂತೆ ಉದ್ದವಾಯಿತು, ನನ್ನ ಹೆಮ್ಮೆ ಅದಕ್ಕಿಂತ ಉದ್ದ.

ಅದು ಹೊಸ ನವಿಲಿನ ಚಿತ್ತಾರದ ಕಟ್ಟುಗಳಲ್ಲೊಂದು! ನೇಯ್ದ ಸೀರೆಯೆಲ್ಲ ಸಾಹುಕಾರರಿಗೇ ಹೋಗುತ್ತಿದ್ದ ಆ ಮನೆಯಲ್ಲಿ, ಮೊದಲ ಸಲ ಸ್ವಂತ ಮಗಳ ಮದುವೆಗೆಂದು ಅತ್ತೆ ಒಂದು ಸೀರೆ ನೇಯಲು ಹೊರಟಿದ್ದರು. ಮದುವೆಗೆ ವಾರವಿತ್ತು. ಅವಸರದಲ್ಲಿ ಕಟ್ಟುಗಳನ್ನು ಎಣಿಸದೆ ಪೋಣಿಸಿ, ಪರೀಕ್ಷೆಗೆಂದು ಗೇಣುದ್ದ ನೇಯ್ದು ನೋಡಿದರೆ ನವಿಲಿಗೆ ಮೈ ಇದೆ, ತಲೆ ಇದೆ, ಕುತ್ತಿಗೆಯೇ ಇಲ್ಲ. ಮಾವ ತಲೆ ಮೇಲೆ ಕೈ ಹೊತ್ತು ಕೂತರು. ಮದುಮಗಳ ಕಣ್ಣಲ್ಲಿ ನೀರು. ಕುತ್ತಿಗೆ ನನ್ನ ಪುಸ್ತಕದಲ್ಲಿದೆಯೆಂದು ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಹೊಳೆಯಿತು. ಓಡಿಹೋಗಿ ಅದನ್ನು ತಂದು ಅತ್ತೆಯ ಮಡಿಲಲ್ಲಿಟ್ಟೆ.

ಅವರು ಪುಟ ಪುಟವಾಗಿ ನೋಡಿದರು. ಕೊನೆಯಲ್ಲಿ ಅವರದೇ ಮನೆಯ ರೇಷ್ಮೆ ಎಳೆ, ಕೆಳಗೆ ನನ್ನ ಅಕ್ಷರ: "ಅತ್ತೆ ಇವತ್ತೂ ನನ್ನನ್ನು ಬೈಯಲಿಲ್ಲ."

"ನಾಳೆ ಪುಟಕ್ಕೆ ಬರ್ಕೊಳ್ಳೇ, ಇವತ್ತು ಬೈದ್ರು ಅಂತ!" ಎಂದು ಶುರುಮಾಡಿ ಬೀದಿಗೆಲ್ಲ ಕೇಳುವ ಹಾಗೆ ಬೈದರು. ಬೈಯುತ್ತ ಬೈಯುತ್ತ ನಗು ಬಂದುಬಿಟ್ಟಿತು ಅವರಿಗೇ. ನನ್ನ ಪುಸ್ತಕದಿಂದ ಒಂದು ರಟ್ಟನ್ನೂ ಕೀಳಲಿಲ್ಲ. ಹೊಸದಾಗಿ ರಟ್ಟು ಹೊಡೆಸಿ, ಊಟ ತಿಂಡಿ ಮಗ್ಗದ ಪಕ್ಕದಲ್ಲೇ ಮಾಡಿ, ಮದುವೆಯ ಹಿಂದಿನ ದಿನ ಸೀರೆ ಮುಗಿಸಿದರು. ಕೆಟ್ಟ ತುಂಡನ್ನು ಕತ್ತರಿಸಿ ನವಿಲಿನ ತಲೆ ನನಗೆ ಕೊಟ್ಟರು, ಮೈ ತಾವು ಇಟ್ಟುಕೊಂಡರು.

ಆಮೇಲೆ ನಾವು ಆ ಬೀದಿ ಬಿಟ್ಟೆವು. ಹೋಗಿ ನೋಡಬೇಕು, ನೋಡಬೇಕು ಅಂತ ಅಂದುಕೊಳ್ಳುತ್ತಲೇ... ಹೋದ ವರ್ಷ ಅತ್ತೆ ತೀರಿಕೊಂಡರು. ಆ ಮದುಮಗಳು, ಈಗ ತಲೆ ನರೆತ ಅಕ್ಕ, ಅತ್ತೆಯ ಪುಸ್ತಕವನ್ನು ನನ್ನ ಕೈಗಿಟ್ಟಳು. ತೆರೆಯಲು ಧೈರ್ಯವಾಗದೆ ಬೀರುವಿನಲ್ಲಿ ಇಟ್ಟಿದ್ದೆ.

ಭಾನುವಾರ ಅದನ್ನು ಮಗಳಿಗೆಂದು ತೆಗೆದೆ. ಅವಳು ಫ್ಯೂಸ್ ತಂತಿಯ ಸಾಲು ಓದಿ ಬಿದ್ದು ಬಿದ್ದು ನಕ್ಕು, ಕಸದ ಮೊರ ತರಲು ಓಡಿದಳು. ನಾನು ನವಿಲಿನ ಮೈ ಅಂಟಿಸಿದ್ದ ಪುಟ ತೆರೆದೆ. ಕೆಳಗೆ ಒಂದೇ ಸಾಲಿತ್ತು: "ತಲೆ ಎದುರುಮನೆಯಲ್ಲಿದೆ, ಬರುತ್ತದೆ."