ಅಂಚು ದಾಟಿದ ಬೂದು ಎಳೆ

ಈ ಬೆಳಿಗ್ಗೆ ಹೊಲಿಗೆ ಡಬ್ಬಿ ಚೊಕ್ಕಟ ಮಾಡುವಾಗ ತಳದಲ್ಲಿ ಕಪ್ಪು ಉಣ್ಣೆಯ ಉಂಡೆ ಸಿಕ್ಕಿತು. ವರ್ಷವಿಡೀ ಮುಟ್ಟದ ಸಾಮಾನು ಮನೆಯಿಂದ ಹೊರಗೆ, ಓದಿದ ಪೇಪರ್ ಮಡಚಿಯೇ ಏಳಬೇಕು: ಇವು ನನ್ನ ಕಾನೂನುಗಳು. ಪೇಪರ್ ಓದುತ್ತಿದ್ದ ನಮ್ಮವರು ಕನ್ನಡಕ ಏರಿಸಿ, “ದುಬೈ ಕಾಲದ್ದು ಅಲ್ವಾ ಅದು? ಅದಕ್ಕೆ ಮಾತ್ರ ಯಾಕೆ ರಿಯಾಯಿತಿ?” ಎಂದರು.

ಕಾರಣವಿದೆ, ಕೇಳಿ. ತೊಂಬತ್ತರ ದಶಕದಲ್ಲಿ ನಾವು ದುಬೈನ ಊದ್ ಮೇಥಾದಲ್ಲಿದ್ದೆವು. ನನ್ನ ಅಡುಗೆಮನೆಯಲ್ಲಿ ಚಮಚಗಳೂ ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗುತ್ತಿದ್ದವು. ಅದನ್ನು ನೋಡಿಯೇ ಇರಬೇಕು, ಎದುರು ಫ್ಲ್ಯಾಟಿನ ಅಮೆರಿಕನ್ ಟೀಚರ್ ಮಾರ್ಥಾ ಬೇಸಿಗೆ ರಜೆಗೆ ಹೋಗುವಾಗ ತಮ್ಮ ನವಾಹೋ ಕಂಬಳಿಯನ್ನು ನನ್ನ ವಶಕ್ಕೆ ಕೊಟ್ಟರು. ಅಮೆರಿಕದ ನವಾಹೋ ಮೂಲನಿವಾಸಿ ಹೆಂಗಸೊಬ್ಬಳು ಕೈಯಲ್ಲಿ ನೇಯ್ದದ್ದು. ಮಾರ್ಥಾರ ಅಜ್ಜಿಯದೆಂದು ಉಳಿದಿದ್ದ ಒಂದೇ ವಸ್ತು.

ಬೂದು ನೆಲದ ಮೇಲೆ ಕೆಂಪು ಬಿಳಿ ಮೆಟ್ಟಿಲು ಚಿತ್ತಾರ, ಸುತ್ತ ಕಪ್ಪು ಅಂಚು. ತಿರುಗಿಸಿದರೆ ಹಿಂಬದಿಯೂ ಅಷ್ಟೇ ಅಚ್ಚುಕಟ್ಟು. ಗಂಟಿಲ್ಲ, ಜೋಲುವ ದಾರವಿಲ್ಲ. ನನ್ನ ಕಸೂತಿಯ ಹಿಂಬದಿಯನ್ನು ನಾನು ಯಾರಿಗೂ ತೋರಿಸುವುದಿಲ್ಲ. ಆದರೆ ಒಂದು ಮೂಲೆಯಲ್ಲಿ ಬೂದು ಎಳೆಯೊಂದು ಕಪ್ಪು ಅಂಚನ್ನು ಸೀಳಿಕೊಂಡು ಹೊರಕ್ಕೆ ಹೋಗಿತ್ತು. ಇಷ್ಟು ಬಲ್ಲವಳು ಇದನ್ನು ಹೇಗೆ ಬಿಟ್ಟಳು? ಊಟ ರುಚಿಸಲಿಲ್ಲ.

ಮೇಲಿನ ಮನೆಯ ಮಂಗಳೂರಿನ ಲಿಲ್ಲಿ ಹೊಲಿಗೆಯಲ್ಲಿ ನಿಪುಣೆ. “ಎಂತ ಅಕ್ಕ, ಇಷ್ಟು ಚಂದ ಮಾಡಿ ಕಡೆಗೆ ಮರ್ತದ್ದಾ? ನಾನು ಮುಚ್ಚಿ ಕೊಡ್ತೇನೆ. ಯಾರಿಗೂ ಗೊತ್ತಾಗುದಿಲ್ಲ” ಎಂದಳು. ನಾನೇ ದೇರಾ ಪೇಟೆಗೆ ಹೋಗಿ ಅಂಚಿನ ಕಪ್ಪಿಗೆ ಬಣ್ಣ ಹೊಂದಿಸಿ ಉಣ್ಣೆ ತಂದೆ.

ಹೇಳಿದ ದಿನಕ್ಕೆ ಮೊದಲೇ ಬರುವವರನ್ನು ಕಂಡರೆ ನನಗಾಗದು. ಲಿಲ್ಲಿ ಸೂಜಿಗೆ ಉಣ್ಣೆ ಪೋಣಿಸಿ ಅಂಚಿನ ಮೇಲೆ ಬಗ್ಗಿದ್ದಾಗಲೇ ಮಾರ್ಥಾ ಬಾಗಿಲಲ್ಲಿ ನಿಂತಿದ್ದರು. ಸೂಜಿ ನೋಡಿ ಅವರ ಮುಖ ಬಿಳುಚಿತು. ಪೆಟ್ಟಿಗೆ ಅಲ್ಲೇ ಬಿಟ್ಟು ನೆಲದ ಮೇಲೆ ಕೂತು, ಆ ಎಳೆಯ ಮೇಲೆ ಬೆರಳಿಟ್ಟರು. ನೇಯುವವಳ ಮನಸ್ಸೆಲ್ಲ ಕಂಬಳಿಯೊಳಗೆ ಇಳಿದುಬಿಡುತ್ತದಂತೆ. ಅಂಚು ಪೂರ್ತಿ ಮುಚ್ಚಿದರೆ ಅದು ಅಲ್ಲೇ ಸಿಕ್ಕಿಕೊಂಡೀತೆಂದು, ಮುಂದಿನ ಕಂಬಳಿಗಾಗಿ ಹೊರಬರಲು ಕೆಲವರು ಹೀಗೊಂದು ದಾರಿ ಬಿಡುತ್ತಾರಂತೆ.

ಲಿಲ್ಲಿ ಸೂಜಿ ಕೆಳಗಿಟ್ಟಳು. “ದೇವರೇ, ಪಾಪದ ಹೆಂಗಸನ್ನು ಒಳಗೆ ಹಾಕಿ ನಾವು ಬೀಗ ಜಡಿತಿದ್ದೆವಲ್ಲ ಅಕ್ಕ.”

ನಾನದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಥಾ ನಕ್ಕರು. ಆಮೇಲೆ ನನ್ನ ಚಮಚಗಳತ್ತ ನೋಡಿ, “ನೀವು ಹೊರಗೆ ಬರುವುದು ಎಲ್ಲಿಂದ?” ಎಂದರು. ನಾನು ಆ ಉಣ್ಣೆಯ ಉಂಡೆಯನ್ನು ಹೊಲಿಗೆ ಡಬ್ಬಿಯ ತಳಕ್ಕೆ ಹಾಕಿದೆ.

ಇಂದು ಉಂಡೆಯನ್ನು ಮತ್ತೆ ಡಬ್ಬಿಯ ತಳಕ್ಕಿಟ್ಟೆ. “ಕಾನೂನು ಕಾನೂನೇ. ಆದರೆ ಇದು ನಾನು ಹೊರಗೆ ಬರೋ ದಾರಿ” ಎಂದೆ.

“ಹಾಗಾದ್ರೆ ನನಗೂ ಒಂದಿರಲಿ” ಎಂದು ನಮ್ಮವರು ಪೇಪರನ್ನು ಸೋಫಾದ ಮೇಲೆ ಹರಡಿದಂತೆಯೇ ಬಿಟ್ಟು ಎದ್ದು ಹೋದರು.

ನನ್ನ ಕೈ ಅದರತ್ತ ಹೋಯಿತು. ತಡೆದು, ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ಕೂತಿದ್ದೇನೆ.