ಅಜ್ಜಿ ಕಾಯುತ್ತಿದ್ದ ಗೋಮಾಳ

ನೆಗಡಿಯಾದರೆ ನಮ್ಮ ಮನೆಯಲ್ಲಿ ಈಗಲೂ ನೀಲಗಿರಿ ಎಣ್ಣೆಯ ಸೀಸೆ ತೆಗೆಯುತ್ತಾರೆ. ನಾನು ಎದ್ದು ಆಚೆ ಹೋಗಿಬಿಡುತ್ತೇನೆ. ನಿಮಗದು ಔಷಧಿಯ ವಾಸನೆ, ನನಗೆ ಹೊಟ್ಟೆ ಉರಿಯುತ್ತೆ. ಮಂಡಿಕಲ್ ಕಡೆಯ ನಮ್ಮೂರಿನ ಗೋಮಾಳವನ್ನು ನುಂಗಿದ ಮರ ಅದು.

ಆ ಗೋಮಾಳವನ್ನು ನೀವು ನೋಡಬೇಕಿತ್ತು. ಮಳೆ ಬಿದ್ದ ಮೇಲೆ ಸೊಂಟದುದ್ದ ಕರಡದ ಹುಲ್ಲು, ಅದರ ಬುಡದಲ್ಲಿ ನೀಲಿ ವಿಷ್ಣುಕ್ರಾಂತಿ, ಬಿಳಿ ತುಂಬೆ, ಹಳದಿ ಹೂವಿನ ಕಾಡುಹೆಸರು. ಬೆಳಿಗ್ಗೆ ಲಂಗ ಎತ್ತಿ ಹಿಡಿದು ನಡೆದರೂ ಮೊಣಕಾಲೆಲ್ಲ ಇಬ್ಬನಿ, ಬಟ್ಟೆ ತುಂಬ ಹುಲ್ಲಿನ ಬೀಜ. ಗೌರಿಹಬ್ಬದಿಂದ ದೀಪಾವಳಿವರೆಗೆ ಅಲ್ಲಿಗೆ ದನ ಬಿಡುವ ಹಾಗಿರಲಿಲ್ಲ, ಅದು ಊರಿನ ಕಟ್ಟುಪಾಡು. ಅದನ್ನು ಕಾಯುತ್ತಿದ್ದವಳು ನಮ್ಮಜ್ಜಿ, ಅಪ್ಪನ ತಾಯಿ. ಕೈಯಲ್ಲಿ ಕೋಲು, ಬಾಯಲ್ಲಿ ಬೈಗುಳ. "ಹುಲ್ಲು ಬಸುರಿ ಕಣಮ್ಮ, ಬೀಜ ಉದುರೋವರ್ಗೂ ಯಾರೂ ತುಳೀಬಾರ್ದು" ಅನ್ನೋಳು. ನಮ್ಮ ಕೊಟ್ಟಿಗೆಯಲ್ಲಿ ಎಂಟು ರಾಸುಗಳಿದ್ದವು. ದೀಪಾವಳಿ ಕಳೆದ ಮೇಲೆ ಕೊಯ್ದು ಬಣವೆ ಹಾಕಿದ ಆ ಹುಲ್ಲಿನಿಂದಲೇ ಅವು ಬೇಸಗೆ ದಾಟುತ್ತಿದ್ದವು.

ಅರವತ್ತರ ದಶಕದ ಶುರುವಿನಲ್ಲಿ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಸರಿಯಾಗಿ ಅದೇ ಎರಡು ತಿಂಗಳಲ್ಲಿ ಜೀಪಿನಲ್ಲಿ ಒಬ್ಬ ಸಾಹೇಬ ಬಂದ. ಮರ ಬೆಳೆಸಲು ಬೀಳು ಜಮೀನು ಹುಡುಕುತ್ತಿದ್ದನಂತೆ. ಗೋಮಾಳದಲ್ಲಿ ಅಜ್ಜಿ, ನಾನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. "ಇಲ್ಲಿ ದನ ಮೇಯ್ತವೇನಮ್ಮ?" ಅಂತ ಕೇಳಿದ. ತನ್ನ ಕಾವಲನ್ನೇ ವಿಚಾರಿಸುತ್ತಿದ್ದಾನೆ ಅಂದುಕೊಂಡಳು ಅಜ್ಜಿ. ಸೆರಗು ಸರಿಮಾಡಿಕೊಂಡು, "ಅಯ್ಯೋ, ಒಂದು ಕರೂನೂ ಕಾಲಿಡಲ್ಲ ಸ್ವಾಮಿ! ನಾನಿರೋವಾಗ ಬಿಡ್ತೀನಾ?" ಅಂದಳು. ಅವಳು ಹೇಳಿದ್ದು ಆ ಎರಡು ತಿಂಗಳ ಮಾತು. ಆತ ಬರೆದುಕೊಂಡು ಜೀಪು ಹತ್ತಿದ. ಯಾಕಮ್ಮ ಬಿಡಲ್ಲ ಅಂತ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕಾಲ ಕೆಳಗೇ ಅಷ್ಟು ಹೂವಿತ್ತಲ್ಲ, ಬಗ್ಗಿ ನೋಡಿದ್ದರೆ ಸೊಂಟ ಉಳುಕುತ್ತಿತ್ತಾ?

ಮುಂದಿನ ಮಳೆಗೆ ಗುಂಡಿ ತೋಡುವ ಆಳುಗಳು ಬಂದರು. ಅವರು ತಂದ ಸರ್ಕಾರಿ ಕಾಗದದಲ್ಲಿ 'ಉಪಯೋಗವಿಲ್ಲದ ಬೀಳು' ಅಂತಿತ್ತು. ಇಲ್ಲಿ ದನ ಮೇಯುವುದಿಲ್ಲವೆಂದು ಊರಿನ ಹೆಂಗಸೇ ಹೇಳಿದ್ದಾಳೆ ಅಂತಲೂ ಇತ್ತು. ಅಪ್ಪ ಅದನ್ನು ಜಗಲಿಯಲ್ಲಿ ನಿಂತು ಓದಿ ಹೇಳಿದಾಗ ಇಡೀ ಊರು ಅಜ್ಜಿಯ ಕಡೆ ತಿರುಗಿತು. ನೀಲಗಿರಿ ಆಳೆತ್ತರ ದಾಟುವ ಹೊತ್ತಿಗೆ ಅದರ ಕೆಳಗೆ ಒಣಗಿದ ಎಲೆ ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ರಾಸುಗಳನ್ನು ಒಂದೊಂದಾಗಿ ಚಿಂತಾಮಣಿ ಸಂತೆಗೆ ಹೊಡೆದರು. ಕೊನೆಗೆ ಹೋದದ್ದು ಕೆಂದಿ, ನನ್ನ ಕೈಯಿಂದಲೇ ಬೂಸಾ ತಿನ್ನುತ್ತಿದ್ದ ಹಸು.

"ನಾನೇ ಬಾಯಿಬಿಟ್ಟು ಕೆಡಿಸ್ದೆ ಕಣಮ್ಮ" ಅಂತ ಅಜ್ಜಿ ಸಾಯುವವರೆಗೂ ಅಂದಳು. ಆ ಸಾಹೇಬನನ್ನು ಬೈಯಲು ಊರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ, ಅವಳನ್ನು ಬೈಯಲು ಎಲ್ಲರಿಗೂ ಬಂತು. ನಿನ್ನ ತಪ್ಪೇನೂ ಇಲ್ಲ ಅಂತ ಹೇಳಬೇಕಾದವಳು ನಾನು, ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದವಳು. ಕೆಂದಿ ಹೋದ ಸಿಟ್ಟಿಗೆ ನಾನೂ ಅವಳ ಹತ್ತಿರ ಮೂರು ತಿಂಗಳು ಮಾತು ಬಿಟ್ಟಿದ್ದೆ.