ತೇಪೆಯ ಮೇಲಿನ ಮೋಡ

ನನ್ನ ಗಂಡ ಹಗಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಸಂಜೆ ಹವ್ಯಾಸಿ ಸಂಘದ ಸಂಗೀತ ನಾಟಕಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ, ಏನು ಕೇಳಿದರೂ ಸೈ. ಬಣ್ಣಕ್ಕೆ ಬೆರೆಸುವ ಅಂಟು ನನ್ನ ಒಲೆಯ ಮೇಲೇ ಕುದಿಯುತ್ತಿತ್ತು. ಆ ನಾತಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು ನನ್ನ ಕೆಲಸ. ಓದು ನನಗೆ ಹತ್ತಲಿಲ್ಲ, ಹೊಲಿಗೆ ಹತ್ತಿತು.

ಪರದೆಯ ಮೇಲೆ ಅವರು ತಮ್ಮ ಹೆಸರು ಬರೆಯುತ್ತಿರಲಿಲ್ಲ. "ಹಗಲೆಲ್ಲ ಕಂಡವರ ಹೆಸರು ಬರೆದೂ ಬರೆದೂ ಸಾಕಾಗಿದೆ ಕಣೆ" ಎನ್ನುತ್ತಿದ್ದರು.

ಕೊನೆಯ ಪರದೆಗೆ ಅವರದೇ ಸಿಗರೇಟಿನ ಕಿಡಿ ಬಿದ್ದು ತೂತಾಯಿತು. ಬೈದುಕೊಂಡೇ ಮೂರು ಮೂಲೆಯ ತೇಪೆ ಹಾಕಿದೆ. ಸುಕ್ಕಾಯಿತು.

"ಇರಲಿ ಬಿಡೆ, ನಿನ್ನ ಸೊಟ್ಟ ಹೊಲಿಗೆಗೆ ಒಂದು ಮೋಡ ಹೊದಿಸ್ತೀನಿ" ಎಂದರು. ಹೊದಿಸಿದರು. ಆ ಪರದೆ ಏರುವ ಮೊದಲೇ ಹೋಗಿಬಿಟ್ಟರು.

ಸಂಘದಲ್ಲಿ ರಾಜನ ಪಾತ್ರದಲ್ಲಿ ಹಾಡುವವನು ಅವರ ಬಾಲ್ಯದ ಗೆಳೆಯ. ನಮ್ಮ ಮನೆಯಲ್ಲಿ ಉಂಡವನು. "ಆ ಪರದೆ ನಂಗೆ ಕೊಡಪ್ಪ, ಅವರ ಕೈಯ ಕೊನೇ ಕೆಲಸ ಅದು" ಎಂದು ಕೇಳಿದೆ.

"ಅಯ್ಯೋ ಅತ್ತಿಗೆ, ಇಲಿ ತಿಂದು ಹಾಕ್ಬಿಟ್ಟಿದೆ. ನಿಮಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ" ಎಂದ. ಕಣ್ಣಲ್ಲಿ ನೀರೂ ತಂದುಕೊಂಡ. ನಾನೇ ಸಮಾಧಾನ ಹೇಳಿ ಕಳಿಸಿದೆ.

ನಾಟಕದ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆಯ ಜಾಗದಲ್ಲಿ ಥಳಥಳ ಹೊಳೆಯುವ ಫ್ಲೆಕ್ಸು. "ಈ ಸಲ ರಂಗಸಜ್ಜಿಕೆ ನನ್ನದೇ ಕೈಚಳಕ" ಎಂದು ಅವನು ಮೈಕಿನಲ್ಲಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾನೂ ಕೈ ಎತ್ತಿದೆ. ಆಗ ಮೋಡ ಕಂಡಿತು. ಮೋಡದೊಳಗೆ ನನ್ನ ಮೂರು ಮೂಲೆಯ ತೇಪೆ, ಅದರ ಸುಕ್ಕು. ಪರದೆಯ ಫೋಟೊ ತೆಗೆದು ದೊಡ್ಡದಾಗಿ ಅಚ್ಚು ಹಾಕಿಸಿದ್ದ. ದಾರವೇ ಇಲ್ಲದ ಹೊಲಿಗೆ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಅವನು ಒಂದು ನೀಲಿ ಬಟ್ಟೆಯ ತುಂಡಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ತುಂಡಿನ ಅಂಚಿಗೆ ನನ್ನ ಹೊಲಿಗೆ. ಪಕ್ಕದವನ ಕೈಯ ತುಂಡಿನಲ್ಲಿ ನನ್ನವರು ಬರೆದ ಅರ್ಧ ಮರ.

"ಇಲಿ ಹಾಡೂ ಹೇಳುತ್ತೆ ಅಂತ ಗೊತ್ತಿರ್ಲಿಲ್ಲಪ್ಪ" ಎಂದೆ.

"ಅತ್ತಿಗೆ, ಹಳೇ ಬಟ್ಟೆ ತಾನೆ... ಚಿತ್ರ ಉಳಿದಿದೆಯಲ್ಲ."

"ಹೆಸರು?"

ಅವನು ಕನ್ನಡಿಯ ಕಡೆ ತಿರುಗಿದ.

ತುಂಡನ್ನು ಕಿತ್ತುಕೊಂಡು ಮನೆಗೆ ಬಂದೆ. ಅಂಟಿನ ಬಣ್ಣ ನೀರು ತಾಕಿದರೆ ಬಿಡುತ್ತದೆ. ಅವನ ಮುಖದ ಕೆಂಪು ತೊಳೆಯಲು ಹೋದರೆ ನನ್ನವರ ನೀಲಿಯೂ ಹೋಗುತ್ತದೆ. ತೊಳೆದಿಲ್ಲ.